ಎಲೆ ಬಡಿದ ಕಣ್ಣು

ಕಣ್ಣಿಗೆ ಕಸ ಬೀಳದವರು ಯಾರಿದ್ದಾರೆ ಹೇಳಿ? ಹೊಲಕ್ಕೆ ಹೋದರೆ ಹೊಟ್ಟು ಹಾರುತ್ತದೆ. ಗಿಡಗಳ ನಡುವೆ ಕೂತರೆ ಎಲೆ ಬಡಿಯುತ್ತದೆ. ಆಗ ನಾವು ಮಾಡುವುದಾದರೂ ಏನು? ಚೆನ್ನಾಗಿ ಉಜ್ಜುತ್ತೇವೆ. ಪಕ್ಕದಲ್ಲಿದ್ದವರನ್ನು ಕರೆದು "ಸ್ವಲ್ಪ ಊದ್ರೀ" ಅನ್ನುತ್ತೇವೆ. ಅವರೂ ಕೆನ್ನೆ ಉಬ್ಬಿಸಿಕೊಂಡು ಊದುತ್ತಾರೆ, ಅರ್ಧ ಗಾಳಿ, ಅರ್ಧ ಎಂಜಲು. ಅದಕ್ಕೂ ಹೋಗದಿದ್ದರೆ ಬಟ್ಟೆಯ ತುದಿ ಇದೆ, ಮನೆಯಲ್ಲಿ ಎಣ್ಣೆ ಇದೆ. ಇಷ್ಟು ಸಣ್ಣ ವಿಷಯಕ್ಕೆ ಆಸ್ಪತ್ರೆಗೆ ಹೋದರೆ ನಾಲ್ಕು ಜನ ನಗುವುದಿಲ್ಲವೇ?

ದೊಡ್ಡಕ್ಕನೂ ಹಾಗೆಯೇ ತಿಳಿದಿದ್ದರು. ಆ ಭಾನುವಾರ ಬೆಳಿಗ್ಗೆ ಬಸ್ಸಿಳಿದು ತಮ್ಮನ ಮನೆಗೆ ಬಂದಾಗ ಅವರ ಬಲಗಣ್ಣು ಕೆಂಪಗೆ ಕೆಂಡವಾಗಿತ್ತು.

ತಮ್ಮ ಅಂದರೆ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಮೇಷ್ಟ್ರು. ಅವರ ಹೆಂಡತಿ ಅದೇ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಡಂ. ಇಬ್ಬರೂ ಬೇಸಾಯದ ಮನೆಯಲ್ಲಿ ಹುಟ್ಟಿ, ಸಗಣಿ ಬಾಚಿ, ಕಳೆ ಕಿತ್ತು ಬೆಳೆದವರು. ಎಷ್ಟು ಓದಿದರೇನು, ದಿನಕ್ಕೊಮ್ಮೆ ಮಣ್ಣು ಮುಟ್ಟದಿದ್ದರೆ ಇಬ್ಬರಿಗೂ ಉಂಡದ್ದು ಮೈಗೆ ಹತ್ತುವುದಿಲ್ಲ. ಹಾಗಾಗಿ ಮನೆಯ ಹಿಂದಿನ ಜಾಗದಲ್ಲಿ ಹಸಿರು ಬಲೆಯ ನೆರಳು ಕಟ್ಟಿ ಪುಟ್ಟದೊಂದು ನರ್ಸರಿ ಇಟ್ಟುಕೊಂಡಿದ್ದರು. ಗುಲಾಬಿ, ನಿಂಬೆ, ದಾಳಿಂಬೆ, ಕ್ರೋಟನ್. ಕಾಲೇಜಿನಿಂದ ಬಂದವರೇ ಹಳೇ ಬಟ್ಟೆ ತೊಟ್ಟು ಹಿಂದಕ್ಕೆ ಹೋದರೆ ಕತ್ತಲಾಗುವವರೆಗೂ ಈಚೆ ಬರುತ್ತಿರಲಿಲ್ಲ. ಮಣ್ಣು ಗೊಬ್ಬರ ಕಲಸಿ ಚೀಲ ತುಂಬುವುದು ಮೇಷ್ಟ್ರ ಕೆಲಸ. ಕಸಿ ಕಟ್ಟುವುದು ಮೇಡಂ ಕೆಲಸ. ಅವರ ಕೈಯಲ್ಲಿ ಕಸಿಯಾದ ಗುಲಾಬಿ ಒಣಗಿದ್ದೇ ಇಲ್ಲ ಅಂತ ಬೀದಿಗೆ ಬೀದಿಯೇ ಹೇಳುತ್ತಿತ್ತು.

ಹೇಳುತ್ತಿತ್ತು, ಹೌದು. ಈಗ ಯಾರೂ ಹೇಳುವುದಿಲ್ಲ. ಯಾಕೆ ಅನ್ನುವುದೇ ಈ ಕಥೆ.

ದೊಡ್ಡಕ್ಕ ಕೈಚೀಲ ಕೆಳಗಿಡುವ ಮುಂಚೆಯೇ ತಮ್ಮನನ್ನು ಕೂಗಿದರು. ಮೇಷ್ಟ್ರು ಮಣ್ಣಿನ ಕೈ ತೊಳೆದುಕೊಂಡು ಒಳಗೆ ಬಂದರು.

"ಬಾರೋ ಕಣ್ಣಿನ ಡಾಕ್ಟ್ರೇ! ನಿನ್ನೆ ಮೆಕ್ಕೆಜೋಳದ ಒಕ್ಕಣೆ ಇತ್ತು ಕಣೋ. ಮಿಷನ್ ಮುಂದೆ ನಿಂತಿದ್ದೆ, ಹೊಟ್ಟು ಹಾರಿ ಕಣ್ಣಿಗೆ ಬಿತ್ತು. ಆಗಿಂದ ಚುಚ್ತಾನೇ ಇದೆ. ಮನೇಲಿ ಯಾರಿಗೂ ತೆಗೆಯೋಕೆ ಬರಲಿಲ್ಲ. ನಿನ್ನ ಹತ್ರಾನೇ ಹೋಗೋದು ಅಂತ ಹೊರಟುಬಂದೆ."

ಕಣ್ಣಿನ ಡಾಕ್ಟ್ರು ಅನ್ನುವುದು ಹಳೇ ಅಡ್ಡಹೆಸರು. ಚಿಕ್ಕಂದಿನಲ್ಲಿ ಮನೆಯಲ್ಲಿ ಯಾರ ಕಣ್ಣಿಗೆ ಏನು ಬಿದ್ದರೂ ಕರೆಯುತ್ತಿದ್ದುದು ಇವರನ್ನೇ. ಬೆರಳು ಸಣ್ಣ, ಕೈ ಹಗುರ. ರೆಪ್ಪೆ ಮಗುಚಿ, ಬಟ್ಟೆಯ ತುದಿಯನ್ನು ಎಂಜಲಲ್ಲಿ ನೆನೆಸಿ, ಹೊಸೆದು ಚೂಪು ಮಾಡಿ, ಕಸವನ್ನು ಮೆಲ್ಲಗೆ ಎತ್ತಿಬಿಡುತ್ತಿದ್ದರು. ಆಮೇಲೆ ಒಂದು ತೊಟ್ಟು ಹರಳೆಣ್ಣೆ. "ನಮ್ಮನೆ ಡಾಕ್ಟ್ರು ಇವನು" ಅಂತ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಹುಡುಗನಿಗೆ ಹಿಗ್ಗೋ ಹಿಗ್ಗು.

ಇವತ್ತು ಆ ಹೆಸರು ಕೇಳಿ ಮೇಷ್ಟ್ರ ಎದೆಯಲ್ಲಿ ಮುಳ್ಳಾಡಿಸಿದಂತಾಯಿತು. ಆದರೆ ಅಕ್ಕ ಆಗಲೇ ಕುರ್ಚಿಯಲ್ಲಿ ಕೂತು, ಮುಖ ಮೇಲೆತ್ತಿ, ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದರು. ಅಕ್ಕ ಹೇಳಿದ್ದಕ್ಕೆ ಇಲ್ಲ ಅಂದು ಅವರಿಗೆ ಅಭ್ಯಾಸವಿಲ್ಲ. ಕೈ ತಾನಾಗಿಯೇ ಜೇಬಿಗೆ ಹೋಯಿತು, ಕರವಸ್ತ್ರ ತೆಗೆಯಿತು, ತುದಿಯನ್ನು ಹೊಸೆಯತೊಡಗಿತು.

"ಮುಟ್ಟಬೇಡ್ರೀ!"

ಅಡುಗೆಮನೆ ಬಾಗಿಲಲ್ಲಿ ಮೇಡಂ ನಿಂತಿದ್ದರು. ಕಪ್ಪು ಕನ್ನಡಕ ಹಾಕಿಕೊಂಡಿದ್ದರು, ಅದನ್ನು ಮನೆಯೊಳಗೂ ತೆಗೆಯುತ್ತಿರಲಿಲ್ಲ. ಅವರು ದನಿಯೆತ್ತಿ ಮಾತಾಡಿ ಅದೆಷ್ಟು ಕಾಲವಾಗಿತ್ತೋ. ಮೇಷ್ಟ್ರ ಕೈಯಿಂದ ಕರವಸ್ತ್ರ ಜಾರಿತು.

ದೊಡ್ಡಕ್ಕ ಬೆಚ್ಚಿಬಿದ್ದರು. "ಏನಾಯ್ತೇ ನಿನಗೆ? ಅವನೇನು ನನ್ನ ಕಣ್ಣು ಕಿತ್ತುಬಿಡ್ತಾನಾ?"

ಪಾಪ, ಅವರಿಗೇನು ಗೊತ್ತು? ಅವರಿಗೆ ಹೇಳಿದ್ದೇ ಬೇರೆ. ಹೋದ ವರ್ಷ ಮೇಡಂಗೆ ಕಣ್ಣಿನ ಆಪರೇಷನ್ ಆಯಿತು, ಈಗ ವಾಸಿ, ಬಿಸಿಲಿಗೆ ಕನ್ನಡಕ ಹಾಕುತ್ತಾರೆ ಅಂತ ಫೋನಿನಲ್ಲಿ ಹೇಳಿ ಕೈ ತೊಳೆದುಕೊಂಡಿದ್ದರು ಮೇಷ್ಟ್ರು.

"ಉಜ್ಜಬೇಡಿ ಅತ್ತಿಗೆ. ಮೊದಲು ಕೈ ತೊಳ್ಕೊಳಿ. ಆಮೇಲೆ ಕಣ್ಣು ತೊಳೆಯೋಣ, ಬನ್ನಿ" ಅಂದರು ಮೇಡಂ. ಕುದಿಸಿ ಆರಿಸಿದ ಕುಡಿಯುವ ನೀರನ್ನು ಶುಭ್ರವಾದ ಜಗ್ಗಿನಲ್ಲಿ ತಂದರು. ದೊಡ್ಡಕ್ಕ ಬಚ್ಚಲ ಬಳಿ ತಲೆ ವಾಲಿಸಿ ನಿಂತರು. ಮೇಡಂ ಸುರಿದ ನೀರು ಕಣ್ಣು ಬಿಟ್ಟು ಕಿವಿಯ ಮೇಲೆ ಬಿತ್ತು.

"ಕಣ್ಣು ತೊಳೀತೀನಿ ಅಂತ ಕಿವಿ ತೊಳೀತೀಯಲ್ಲೇ!" ದೊಡ್ಡಕ್ಕ ನಕ್ಕರು. "ಮಕ್ಕಳಿಗೆ ಪಾಠ ಹೇಳಿ ಹೇಳಿ ನೀರು ಸುರಿಯೋದೂ ಮರೆತುಹೋಯ್ತಾ? ಆ ಕನ್ನಡಕನಾದ್ರೂ ತೆಗಿ."

ಮೇಡಂ ನಗಲಿಲ್ಲ. ಮೇಷ್ಟ್ರು ಜಗ್ಗನ್ನು ಅವರ ಕೈಯಿಂದ ತೆಗೆದುಕೊಂಡು ತಾವೇ ನಿಧಾನವಾಗಿ ನೀರು ಹಾಕಿದರು.

ತೊಳೆದದ್ದಾಯಿತು. ಚುಚ್ಚುವುದು ನಿಲ್ಲಲಿಲ್ಲ. ಕಿಟಕಿಯ ಬೆಳಕು ಬಿದ್ದರೆ ಸಾಕು, ದೊಡ್ಡಕ್ಕನ ಕಣ್ಣಿಂದ ಬಳಬಳ ನೀರು.

"ನಡೀರಿ, ಕಣ್ಣಿನ ಆಸ್ಪತ್ರೆಗೆ ಹೋಗೋಣ. ಭಾನುವಾರಾನೂ ತುರ್ತು ವಿಭಾಗ ತೆರೆದಿರುತ್ತೆ" ಅಂದರು ಮೇಡಂ.

"ಅಯ್ಯೋ, ಒಂದು ಹೊಟ್ಟಿನ ಚೂರಿಗೆ ಆಸ್ಪತ್ರೆನಾ? ಓದಿದೋರದ್ದು ಇದೇ ಗೋಳು. ಒಂದು ಸೀನು ಬಂದ್ರೂ ಸ್ಕ್ಯಾನಿಂಗ್! ಅಲ್ಲಿ ಒಕ್ಕಣೆ ಅರ್ಧಕ್ಕೆ ನಿಂತಿದೆ. ಮಧ್ಯಾಹ್ನದ ಬಸ್ಸಿಗೆ ನಾನು ಹೊರಡಬೇಕು. ಹರಳೆಣ್ಣೆ ಇದ್ರೆ ಒಂದು ತೊಟ್ಟು ಬಿಡಿ. ಇಲ್ಲಾಂದ್ರೆ ಹೋದ ವರ್ಷ ನಿನಗೆ ಕೊಟ್ಟಿದ್ರಲ್ಲ ಡ್ರಾಪ್ಸ್, ಅದು ಮಿಕ್ಕಿದ್ರೆ ಕೊಡು."

ಮೇಡಂ ಎದುರಿನ ಕುರ್ಚಿ ಎಳೆದುಕೊಂಡು ಕೂತರು.

"ಅತ್ತಿಗೆ, ನಿಮಗೆ ಒಂದು ವಿಷಯ ನಾವು ಹೇಳೇ ಇಲ್ಲ."

"ಬೇಡ ಕಣೇ" ಅಂದರು ಮೇಷ್ಟ್ರು.

"ಬೇಕು. ಸುಮ್ನಿದ್ದು ಏನು ಸಾಧಿಸಿದ್ವಿ? ನಮ್ಮಿಂದಾಗಿ ಇವರಿಗೂ ಗೊತ್ತಾಗಲಿಲ್ಲ."

ಮೇಡಂ ಹೇಳತೊಡಗಿದರು. ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತರು. ಕೇಳುವುದೇನು ಬಂತು, ಅವರಿಗೆ ಆ ದಿನ ಕಣ್ಣಿಗೆ ಕಟ್ಟಿದಂತಿತ್ತು.

ಆಗ ಗುಲಾಬಿ ಕಸಿಯ ಕಾಲ. ಕಸಿಗೆ ಬುಡವಾಗುವ ಗಿಡ ಸಿಪ್ಪೆ ಬಿಡುವುದು ವರ್ಷದಲ್ಲಿ ಕೆಲವೇ ದಿನ. ಆಗ ಚಾಕುವಿನ ಮೊನೆ ತಾಗಿಸಿದರೆ ಸಾಕು, ಸಿಪ್ಪೆ ತಾನಾಗಿ ಏಳುತ್ತದೆ, ಅದರೊಳಗೆ ಒಳ್ಳೇ ಜಾತಿಯ ಚಿಗುರುಮೊಗ್ಗು ಕೂರಿಸಿ ಕಟ್ಟಬೇಕು. ಆ ದಿನ ದಾಟಿದರೆ ಎಷ್ಟು ಕಟ್ಟಿದರೂ ಕೂರುವುದಿಲ್ಲ. ಹಾಗಾಗಿ ಮೇಡಂ ತಲೆಯೆತ್ತದೆ ಕೆಲಸ ಮಾಡುತ್ತಿದ್ದರು. ದಾರಿಗೆ ಅಡ್ಡವಾಗಿದ್ದ ನಿಂಬೆಯ ರೆಂಬೆಯೊಂದನ್ನು ಮೊಣಕೈಯಿಂದ ಒತ್ತಿ ಹಿಡಿದಿದ್ದರು. ಅದು ತಪ್ಪಿಸಿಕೊಂಡು ಚಿಮ್ಮಿತು. ಎಲೆಯಂಚು ಎಡಗಣ್ಣಿಗೆ ಫಟ್ಟಂತ ಬಡಿಯಿತು.

ರಕ್ತ ಬರಲಿಲ್ಲ. ನೀರು ಬಂತು, ಅಷ್ಟೇ. "ರೀ, ಬನ್ನಿ ಇಲ್ಲಿ, ಏನೋ ಇದೆ ನೋಡಿ" ಅಂತ ಮೇಡಂ ಕರೆದರು. ಮೇಷ್ಟ್ರು ಚೀಲ ತುಂಬುವುದು ಬಿಟ್ಟು ಬಂದು, ರೆಪ್ಪೆ ಮಗುಚಿ, ಕರವಸ್ತ್ರದ ತುದಿಯಿಂದ ಹಸಿರು ಚೂರೊಂದನ್ನು ಎತ್ತಿದರು. ಕೈಚಳಕ ಇನ್ನೂ ಹೋಗಿಲ್ಲ ಅಂತ ಒಳಗೊಳಗೇ ಖುಷಿಪಟ್ಟರು. ಮೇಡಂ ನಗುತ್ತಾ "ನಮ್ಮಜ್ಜಿ ನಾಲಿಗೆ ತುದೀಲಿ ತೆಗೀತಿದ್ರು, ನಿಮ್ಮದು ಪರವಾಗಿಲ್ಲ" ಅಂದರು. ಹರಳೆಣ್ಣೆ ಬಿಡಿ ಅಂದದ್ದೂ ಅವರೇ. ಬಿಟ್ಟರು. ಮೇಡಂ ಮತ್ತೆ ಚಾಕು ಹಿಡಿದು ಕೂತರು.

ಕಣ್ಣು ಕೆಂಪಾಯಿತು. ನೋವು ಶುರುವಾಯಿತು. "ಡಾಕ್ಟ್ರ ಹತ್ರ ಹೋಗೋಣ್ವಾ?" ಅಂತ ಮೇಷ್ಟ್ರು ಕೇಳಿದರು, ಕೇಳಲಿಲ್ಲ ಅನ್ನುವ ಹಾಗಿಲ್ಲ. "ಈ ವಾರ ಬೇಡ ರೀ, ಸಿಪ್ಪೆ ಬಿಡ್ತಾ ಇದೆ. ಮುಗಿಸಿಕೊಂಡು ಹೋಗೋಣ" ಅಂದರು ಮೇಡಂ. ಸರಿ ಅಂತ ಇವರೂ ಒಪ್ಪಿದರು. ಹಿಂದೊಮ್ಮೆ ತಮ್ಮ ಕಣ್ಣು ತುರಿಸಿದಾಗ ಹಾಕಿಕೊಂಡಿದ್ದ ಔಷಧಿಯ ಖಾಲಿ ಬಾಟಲಿಯನ್ನು ಔಷಧಿ ಅಂಗಡಿಯಲ್ಲಿ ತೋರಿಸಿ, ಅದನ್ನೇ ತಂದು ಹಾಕಿದರು. ಮಾರನೆಯ ದಿನ ಕೆಂಪು ಇಳಿಯಿತು. "ನೋಡಿದ್ಯಾ, ಹೇಗೆ ಕೆಲಸ ಮಾಡ್ತು!" ಅಂದರು ಮೇಷ್ಟ್ರು. ಆ ಮಾತು ನೆನಪಾದಾಗಲೆಲ್ಲ ಈಗಲೂ ಅವರಿಗೆ ತಮ್ಮ ಬಾಯಿಗೆ ತಾವೇ ಹೊಡೆದುಕೊಳ್ಳುವಂತಾಗುತ್ತದೆ.

ಗುಲಾಬಿ ಕಸಿ ಎಲ್ಲ ಮುಗಿಯಿತು. ಅಷ್ಟರಲ್ಲಿ ಮೇಡಂಗೆ ಕರಿಹಲಗೆಯ ಮೇಲೆ ತಾವೇ ಬರೆದ ಅಕ್ಷರ ಮಂಜಾಗಿ ಕಂಡಿತು. ಕನ್ನಡಿ ನೋಡಿಕೊಂಡರೆ ಕರಿಗುಡ್ಡೆಯ ಮೇಲೊಂದು ಬಿಳಿ ಚುಕ್ಕೆ.

"ಹೊರಗೆ ಬಲೆಯ ಕೊನೇಲಿ ಬೇಲಿ ಹಾಕಿದ ಮೂಲೆ ಇದೆಯಲ್ಲ ಅತ್ತಿಗೆ," ಅಂದರು ಮೇಡಂ, "ಅದಕ್ಕೆ ನಾವು ಆಸ್ಪತ್ರೆ ಅಂತೀವಿ. ಯಾವ ಗಿಡದ ಎಲೆ ಮೇಲೆ ಒಂದು ಚುಕ್ಕೆ ಕಂಡ್ರೂ ಆವತ್ತೇ ಅದನ್ನ ಅಲ್ಲಿಗೆ ಹಾಕ್ತೀನಿ. ನಾಳೆ ನೋಡೋಣ ಅಂದ್ರೆ ಇವರಿಗೂ ಬೈತೀನಿ. ನಾಳೆಗೆ ಬೂಷ್ಟು ಒಳಗಿಳಿದಿರುತ್ತೆ ಅಂತ ಮಕ್ಕಳಿಗೆ ಪಾಠ ಮಾಡೋಳು ನಾನೇ. ನನ್ನ ಕಣ್ಣಲ್ಲಿ ಚುಕ್ಕೆ ಕಾಣೋವರೆಗೆ ನಾನೇ ಸುಮ್ನಿದ್ದೆ."

"ಬೂಷ್ಟಾ? ಕಣ್ಣಲ್ಲಾ?" ದೊಡ್ಡಕ್ಕ ಮುಖ ಕಿವುಚಿದರು.

"ಹೂಂ. ಎಲೆ ತಾಗಿ ಕೂದಲೆಳೆಯಷ್ಟು ಗೀರು ಆಗಿತ್ತಂತೆ. ಎಲೆಯಲ್ಲಿದ್ದ ಬೂಷ್ಟು ಗೀರಿನೊಳಗೆ ಇಳಿದು ಬೆಳೀತು. ನಾವು ಅಂಗಡೀಲಿ ತಂದಿದ್ದು ಕೆಂಪು ಇಳಿಸೋ ಔಷಧಿ. ಹೊರಗೆ ಕೆಂಪು ಇಳೀತು, ಒಳಗೆ ಹುಣ್ಣು ಹರಡ್ತು. ಆಮೇಲೆ ಗಂಟೆಗೊಂದ್ಸಲ ಔಷಧಿ ಹಾಕಿದ್ರು, ಆಪರೇಷನ್ ಮಾಡಿದ್ರು. ಗುಡ್ಡೆ ಉಳೀತು."

"ಗುಡ್ಡೆ ಉಳೀತು ಅಂದ್ರೆ?"

ಮೇಡಂ ಕಪ್ಪು ಕನ್ನಡಕ ತೆಗೆದರು.

ಎಡಗಣ್ಣಿನ ಕರಿಗುಡ್ಡೆ ಇರಬೇಕಾದ ಕಡೆ ಹಾಲು ಬಿದ್ದ ನೀರಿನ ಹಾಗೆ ಬೆಳ್ಳಗೆ, ಮಂಕಾಗಿತ್ತು. ಅದು ಯಾರನ್ನೂ ನೋಡುತ್ತಿರಲಿಲ್ಲ. ದೊಡ್ಡಕ್ಕನಿಗೆ ಕಿವಿಗೆ ಬಿದ್ದ ನೀರು, ತಾವು ಆಡಿದ ಹಾಸ್ಯ ಎಲ್ಲ ಒಟ್ಟಿಗೆ ನೆನಪಾಗಿರಬೇಕು, ಮೇಡಂ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಏನೂ ಕಾಣಲ್ವೇನೇ?"

"ಇದರಲ್ಲಿ ಕಾಣಲ್ಲ. ಇನ್ನೊಂದರಲ್ಲಿ ಕಾಣುತ್ತೆ. ಆದ್ರೆ ದೂರ ಎಷ್ಟು, ಹತ್ರ ಎಷ್ಟು ಅಂತ ಒಂದೇ ಕಣ್ಣಿಗೆ ಸರಿಯಾಗಿ ತಿಳಿಯಲ್ಲ. ಅದಕ್ಕೇ ನೀರು ಆಚೆ ಬೀಳುತ್ತೆ. ಕಸಿ ಕಟ್ಟೋಕೆ ಹೋದ್ರೆ ಚಾಕು ಬೆರಳಿಗೆ ಬೀಳುತ್ತೆ. ಬಿಟ್ಟುಬಿಟ್ಟೆ."

"ನನಗ್ಯಾಕೆ ಹೇಳ್ಲಿಲ್ಲ? ನಾನು ನಿಮಗೆ ಹೊರಗಿನೋಳಾ?"

"ನಾಚಿಕೆ ಆಯ್ತು ಅತ್ತಿಗೆ. ಇಬ್ಬರೂ ಕಾಲೇಜು ಮೇಷ್ಟ್ರುಗಳು, ಎಣ್ಣೆ ಬಿಟ್ಕೊಂಡು ಕಣ್ಣು ಕಳ್ಕೊಂಡ್ರು ಅಂತ ಊರಲ್ಲಿ ಏನಂತ ಹೇಳೋದು?"

ದೊಡ್ಡಕ್ಕ ಮೆಲ್ಲಗೆ ತಮ್ಮನ ಕಡೆ ತಿರುಗಿದರು. "ಹಾಗಾದ್ರೆ ಇವನ ಕೈಯಿಂದಲೇ..."

"ಹಾಗನ್ನಬೇಡಿ" ಅಂತ ಮೇಡಂ ತಡೆದರು. "ಕರೆದಿದ್ದು ನಾನು. ಎಣ್ಣೆ ಬಿಡಿ ಅಂದಿದ್ದು ನಾನು. ಈ ವಾರ ಬೇಡ ಅಂದಿದ್ದೂ ನಾನೇ."

ಮೇಷ್ಟ್ರು ತಿರುಗಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡೇ ಹೇಳಿದರು: "ಅಕ್ಕ, ನಿನಗೆ ಕೈ ಮುಗೀತೀನಿ. ಇವತ್ತು ನನ್ನ ಹತ್ರ ತೆಗೆಸ್ಕೋಬೇಡ. ಇನ್ನೊಂದು ಕಣ್ಣು ಹೋದ್ರೆ ನಾನು ತಡ್ಕೊಳ್ಳಲ್ಲ."

ಅಷ್ಟು ದೊಡ್ಡ ಗಂಡಸು, ತರಗತಿಯಲ್ಲಿ ಗದರಿದರೆ ಗೋಡೆ ಅದುರಬೇಕು, ಆ ದನಿ ಮಗುವಿನ ದನಿಯಾಗಿತ್ತು. ದೊಡ್ಡಕ್ಕ ಎದ್ದು ಚಪ್ಪಲಿ ಮೆಟ್ಟಿದರು.

"ನಡಿಯೋ. ಒಕ್ಕಣೆ ಹಾಳಾಗಿ ಹೋಗ್ಲಿ."

ಆಸ್ಪತ್ರೆಯಲ್ಲಿದ್ದುದು ಅದೇ ಡಾಕ್ಟರಮ್ಮ. ಮೇಡಂ ಕಣ್ಣನ್ನು ಕಾಪಾಡಲು ತಿಂಗಳುಗಟ್ಟಲೆ ಹೆಣಗಿದವರು. ಅವರು ದೊಡ್ಡಕ್ಕನನ್ನು ಯಂತ್ರದ ಮುಂದೆ ಕೂರಿಸಿ, ಗದ್ದ ಇಡಿಸಿ, ಬೆಳಕು ಬಿಟ್ಟು ನೋಡಿದರು. ಹೊಟ್ಟಿನ ಚೂರು ಕರಿಗುಡ್ಡೆಗೇ ಕಚ್ಚಿಕೊಂಡಿತ್ತು. ನೋವು ಗೊತ್ತಾಗದ ಹಾಗೆ ಔಷಧಿ ಬಿಟ್ಟು, ಸೂಕ್ಷ್ಮವಾದ ಸಲಕರಣೆಯಿಂದ ಅದನ್ನು ತೆಗೆದು ತೋರಿಸಿದರು. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು.

"ಬಟ್ಟೆಯಲ್ಲಿ ಕೆದಕಿದ್ರೆ ಇದು ಇನ್ನೂ ಒಳಗೆ ಹೋಗ್ತಿತ್ತು. ಗೀರು ದೊಡ್ಡದಾಗ್ತಿತ್ತು" ಅಂದರು ಡಾಕ್ಟರಮ್ಮ. "ನಿನ್ನೇನೇ ಬರಬೇಕಿತ್ತು, ಆದ್ರೂ ಬೇಗ ಬಂದ್ರಿ. ಹುಣ್ಣಾಗಿಲ್ಲ. ಈ ಡ್ರಾಪ್ಸ್ ಹೇಳಿದ ಹಾಗೆ ಹಾಕಿ. ನಾಳೆ ತಪ್ಪದೆ ಮತ್ತೆ ತೋರಿಸಿ. ಕೆಲವೇ ದಿನದಲ್ಲಿ ಸರಿ ಹೋಗುತ್ತೆ."

"ಅಷ್ಟೇನಾ ಡಾಕ್ಟ್ರಮ್ಮ?"

"ಅಷ್ಟೇಮ್ಮ. ಬೇಗ ಬಂದ್ರೆ ಇದು ಇಷ್ಟೇ."

ಅಕ್ಕನ ಕಣ್ಣು ಉಳಿಯಿತು ಅಂತ ಮೇಷ್ಟ್ರು ಹಿಗ್ಗಬೇಕಿತ್ತು. ಅವರ ಕಿವಿಯಲ್ಲಿ ನಿಂತದ್ದು 'ಇಷ್ಟೇ' ಅನ್ನುವ ಮಾತು. ಹೊರಗೆ ಬಂದು, ರೋಗಿಗಳು ಕೂರುವ ಉದ್ದ ಬೆಂಚಿನ ತುದಿಯಲ್ಲಿ ಕುಸಿದರು. ಮೇಡಂ ಹಿಂದೆಯೇ ಬಂದು ಪಕ್ಕದಲ್ಲಿ ಕೂತರು.

"ಇಷ್ಟೇ ಆಗಿತ್ತಂತೆ ಕಣೇ" ಅಂದರು ಮೇಷ್ಟ್ರು. "ಆವತ್ತು ಚಾಕು ಕೆಳಗಿಟ್ಟು ಬಂದಿದ್ರೆ ನಿನ್ನದೂ ಇಷ್ಟೇ ಆಗ್ತಿತ್ತು. ಮಧ್ಯಾಹ್ನಕ್ಕೆ ವಾಪಸ್ ಹೋಗಿ ಮತ್ತೆ ಕಸಿ ಕಟ್ಟಬಹುದಿತ್ತು."

ಅತ್ತುಬಿಟ್ಟರು. ಅಷ್ಟು ದಿನ ಮೇಡಂ ಮುಂದೆ ಅವರು ಒಮ್ಮೆಯೂ ಅತ್ತಿರಲಿಲ್ಲ. ಅಕ್ಕಪಕ್ಕದವರು ನೋಡುತ್ತಿದ್ದರು, ನೋಡಿದರೆ ನೋಡಲಿ. ಮೇಡಂ ಅವರ ಕೈ ಹುಡುಕಿ ಹಿಡಿದುಕೊಂಡರು. ಬೆಳ್ಳಗಾದ ಕಣ್ಣಿನಿಂದಲೂ ನೀರು ಬರುತ್ತದೆ, ನಿಮಗೆ ಗೊತ್ತಿರಲಿ. ಕಾಣದ ಕಣ್ಣೂ ಅಳುತ್ತದೆ.

ಡಾಕ್ಟರು ಸಾಕು ಅನ್ನುವವರೆಗೆ ದೊಡ್ಡಕ್ಕ ತಮ್ಮನ ಮನೆಯಲ್ಲೇ ಉಳಿದರು. ಹೊರಡುವ ದಿನ ಹಿಂದಿನ ನರ್ಸರಿಗೆ ಹೋದರು. ಮೇಷ್ಟ್ರು ಗುಲಾಬಿಗೆ ಕಸಿ ಕಟ್ಟುತ್ತಿದ್ದರು. ಪಕ್ಕದಲ್ಲಿ ಮೇಡಂ ಕೂತು "ಸಿಪ್ಪೆ ಹರೀಬೇಡಿ, ಇನ್ನೂ ಮೆಲ್ಲಗೆ" ಅಂತ ಹೇಳಿಕೊಡುತ್ತಿದ್ದರು. ಇಬ್ಬರ ಮೂಗಿನ ಮೇಲೂ ಬಿಳಿ ಗಾಜಿನ ದೊಡ್ಡ ಕನ್ನಡಕ. ಮೇಷ್ಟ್ರು ಕಟ್ಟಿದ್ದರಲ್ಲಿ ಅರ್ಧಕ್ಕರ್ಧ ಕಪ್ಪಾಗಿ ಒಣಗಿತ್ತು. ಅವರ ಕೈ ಕಸವೆತ್ತಲು ಹಗುರ, ಕಸಿಗೆ ಒರಟು.

"ಅಂಥದೇ ಕನ್ನಡಕ ನನಗೂ ಒಂದು ಕೊಡಿಸೋ" ಅಂದರು ದೊಡ್ಡಕ್ಕ. "ಮಿಷನ್ ಮುಂದೆ ಹಾಕ್ಕೊಂಡು ನಿಲ್ತೀನಿ. ನಗೋರು ನಗ್ಲಿ. ಯಾಕೆ ಹಾಕಿದೀಯ ಅಂತ ಕೇಳಿದ್ರೆ ಏನು ಹೇಳ್ಲಿ?"

ಮೇಷ್ಟ್ರು ಹೆಂಡತಿಯ ಮುಖ ನೋಡಿದರು.

"ನನ್ನ ಕಥೆ ಹೇಳಿ ಅತ್ತಿಗೆ" ಅಂದರು ಮೇಡಂ. "ಎಲ್ಲರಿಗೂ ಹೇಳಿ. ನಾಚಿಕೆ ಪಟ್ಟಿದ್ದು ಸಾಕು."

ದೊಡ್ಡಕ್ಕ ಹೇಳಿದರು. ಕೇಳಿದವರು ಇನ್ನೊಬ್ಬರಿಗೆ ಹೇಳಿದರು. ಹಾಗೆ ಬಾಯಿಂದ ಬಾಯಿಗೆ ಬಂದು ಈ ಕಥೆ ಇವತ್ತು ನಿಮ್ಮ ಮುಂದಿದೆ.

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಣ್ಣಿಗೂ ಒಂದು ದಿನ ಎಲೆ ಬಡಿದೀತು, ಹೊಟ್ಟು ಹಾರೀತು. ಆಗ ಉಜ್ಜಬೇಡಿ. ಕೈ ತೊಳೆದು, ಶುಭ್ರವಾದ ನೀರಿನಿಂದ ಕಣ್ಣು ತೊಳೆಯಿರಿ. ಏನಾದರೂ ಚುಚ್ಚಿಕೊಂಡಿದ್ದರೆ ಅದನ್ನು ಕೀಳಲು ಹೋಗಬೇಡಿ. ಬಟ್ಟೆ, ನಾಲಿಗೆ, ಎಣ್ಣೆ, ಹಾಲು, ಎಲೆಯ ರಸ ಯಾವುದೂ ಬೇಡ. ಅಂಗಡಿಯಲ್ಲಿ ಕೇಳಿ ತಂದ ಔಷಧಿ, ಮನೆಯಲ್ಲಿ ಮಿಕ್ಕ ಔಷಧಿ ಮೊದಲೇ ಬೇಡ. ಕೆಂಪು ಇಳಿಯಿತು ಅಂತ ಮೋಸ ಹೋಗಬೇಡಿ. ಕಣ್ಣಿನ ಡಾಕ್ಟರಿಗೆ ಅದೇ ದಿನ ತೋರಿಸಿ. ಗಿಡ ಕತ್ತರಿಸುವಾಗ, ಒಕ್ಕಣೆ ಮಾಡುವಾಗ ಒಂದು ಸಾದಾ ಕನ್ನಡಕ ಹಾಕಿಕೊಳ್ಳಿ.

ಕೆಲಸ ಮುಗಿಸಿಕೊಂಡು ಹೋಗೋಣ ಅಂತ ನಿಮಗೂ ಅನ್ನಿಸುತ್ತದೆ. ಮೇಡಂಗೂ ಹಾಗೆಯೇ ಅನ್ನಿಸಿತ್ತು. ಆ ವಾರ ಅವರು ಕಟ್ಟಿದ ಗುಲಾಬಿಗಳೆಲ್ಲ ಚಿಗುರಿ ಹೂ ಬಿಟ್ಟವು. ಅವೇ ಅವರ ಕೈಯ ಕೊನೆಯ ಗಿಡಗಳು. ಆ ಗಿಡಗಳನ್ನು ಮೇಷ್ಟ್ರು ಇವತ್ತಿನವರೆಗೂ ಮಾರಿಲ್ಲ.